ಎಡಕ್ಕೆ ಮಾತ್ರ ತಿರುಗಿದವನು

ನನ್ನ ಅಣ್ಣ ಎಂಟು ವರ್ಷ ಎಡಕ್ಕೆ ಮಾತ್ರ ತಿರುಗಿದವನು. ತಮಾಷೆಗೆ ಹೇಳುತ್ತಿಲ್ಲ. ಯುದ್ಧಕ್ಕೆ ಮುಂಚೆ ಸಮುದ್ರದಾಚೆಯ ಊರುಗಳಲ್ಲಿ ಒಂದು ಬಗೆಯ ಮೋಟಾರ್ ಸೈಕಲ್ ಓಟ ನಡೆಯುತ್ತಿತ್ತು. ಇದ್ದಿಲ ಕಿಟ್ಟ ಹಾಸಿದ ಮೊಟ್ಟೆಯಾಕಾರದ ದಾರಿ, ನಾಲ್ಕು ಜನ ಸವಾರರು, ನಾಲ್ಕು ಸುತ್ತು, ಅಷ್ಟೇ. ಗಾಡಿಗೆ ಬ್ರೇಕ್ ಇರುವುದಿಲ್ಲ. ಕೆಟ್ಟುಹೋದದ್ದಲ್ಲ, ಬೇಕೆಂದೇ ಇಡದೆ ಇದ್ದದ್ದು. ತಿರುವು ಬಂದಾಗ ಸವಾರ ನಿಧಾನ ಮಾಡುವುದಿಲ್ಲ. ಎಡಗಾಲನ್ನು ನೆಲಕ್ಕೆ ಚಾಚಿ, ಗಾಡಿಯನ್ನು ಎಡಕ್ಕೆ ಮಲಗಿಸಿ, ಇನ್ನಷ್ಟು ವೇಗ ಕೊಟ್ಟು, ಹಿಂದಿನ ಚಕ್ರವನ್ನು ಜಾರಿಸಿಕೊಂಡು ಹೋಗುತ್ತಾನೆ. ನೆಲಕ್ಕೆ ಉಜ್ಜುವ ಆ ಕಾಲಿನ ಬೂಟಿನಡಿಗೆ ಒಂದು ಕಬ್ಬಿಣದ ಅಟ್ಟೆ ಕಟ್ಟಿಕೊಳ್ಳುತ್ತಾರೆ. ಎಲ್ಲರೂ ಸುತ್ತುವುದು ಒಂದೇ ದಿಕ್ಕಿಗೆ. ಬಲಕ್ಕೆ ತಿರುಗುವ ಪ್ರಸಂಗವೇ ಆ ದಾರಿಯಲ್ಲಿ ಬರುವುದಿಲ್ಲ.

ಮೊನ್ನೆ ನಮ್ಮ ಸಂಬಂಧಿಕರೊಬ್ಬರು ಅಣ್ಣನ ಹಳೆಯ ಫೋಟೋ ಹಿಡಿದುಕೊಂಡು ಬಂದರು. ಚರ್ಮದ ಟೊಪ್ಪಿ, ಚರ್ಮದ ಕೋಟು, ಮುಖದ ತುಂಬ ಮಸಿ, ಅದರ ನಡುವೆ ಹಲ್ಲು ಮಾತ್ರ ಬೆಳ್ಳಗೆ. ಸಮಾಜದ ಸ್ಮರಣ ಸಂಚಿಕೆಯಲ್ಲಿ ಹಾಕುತ್ತಾರಂತೆ. "ಆ ಕಾಲದಲ್ಲಿ ನಮ್ಮವರೊಬ್ರು ಇಷ್ಟು ಧೈರ್ಯ ಮಾಡಿದ್ರು ಅಂತ ನೀವು ಎರಡು ಮಾತು ಬರ್ದು ಕೊಡಿ" ಎಂದರು. ಧೈರ್ಯವಂತೆ! ನನಗೆ ಮೈಯೆಲ್ಲ ಉರಿಯಿತು. ಬರೆಯುವುದಾದರೆ ಎರಡು ಮಾತು ಸಾಲುವುದಿಲ್ಲ ಎಂದು ಹೇಳಿ ಕಾಫಿ ಕೊಟ್ಟು ಕಳಿಸಿದೆ. ಆ ಮೇಲೆ ಕೂತು ಬರೆದದ್ದು ಇದು. ಸಂಚಿಕೆಗೆ ಇದು ಆಗಲಿಕ್ಕಿಲ್ಲ.

ಅಣ್ಣ ಕಲಿಸಿದ ವಿದ್ಯೆಯಿಂದ ನನ್ನ ಗಂಡ ಸತ್ತರು. ತಪ್ಪು ಯಾರದ್ದೆಂದು ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಡುತ್ತಾ ಬಂದಿದ್ದೇನೆ. ಆ ಉತ್ತರ ಸುಳ್ಳಲ್ಲ. ಆದರೆ ಪೂರ್ತಿಯೂ ಅಲ್ಲ.

ನಮ್ಮ ಮನೆ ಉರ್ವದಲ್ಲಿ. ಮನೆಯ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಪ್ಪ ಬೇಗ ಹೋದರು. ಅಣ್ಣ ನನಗಿಂತ ಏಳು ವರ್ಷಕ್ಕೆ ದೊಡ್ಡವನು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬಂದರಿನಿಂದ ಹಡಗು ಹತ್ತಿ ಬೊಂಬಾಯಿಗೆ ಹೋದ. ಅಲ್ಲಿ ಮೋಟಾರ್ ಶೆಡ್ಡಿನಲ್ಲಿ ಕೆಲಸ. ಶೆಡ್ಡಿಗೆ ಬರುತ್ತಿದ್ದ ಓಟಗಾರ ಬಿಳಿಯ ದೊರೆಯೊಬ್ಬ ಇವನ ಕೈಚಳಕ ನೋಡಿ ಗಾಡಿ ರಿಪೇರಿಗೆಂದು ಸಿಂಗಾಪುರದ ಕಡೆಗೆ ಕರೆದುಕೊಂಡು ಹೋದ. ಒಂದು ದಿನ ಓಟದ ಮೊದಲು ದೊರೆಯ ಹೆಗಲಿನ ಮೂಳೆ ಮುರಿಯಿತು. ಜನ ಆಗಲೇ ಬಂದು ಕೂತಾಗಿತ್ತು. ದೊರೆಯ ಕೋಟು, ದೊರೆಯ ಬೂಟು ಹಾಕಿಕೊಂಡು ಅಣ್ಣ ಇಳಿದ. ಗೆಲ್ಲಲಿಲ್ಲ, ಆದರೆ ಬೀಳಲೂ ಇಲ್ಲ. ಅಲ್ಲಿಂದ ಮೇಲೆ ಎಂಟು ವರ್ಷ ಅವನ ಜೀವನ ಅದೇ. ವರ್ಷಕ್ಕೊಂದು ಕಾಗದ ಬರುತ್ತಿತ್ತು, ಅದರಲ್ಲಿ ಎಲ್ಲ ಮುರಿತಗಳ ಸುದ್ದಿಯನ್ನು "ಸ್ವಲ್ಪ ನೋವು" ಎಂದು ಬರೆಯುತ್ತಿದ್ದ.

ಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮೊದಲು ಅವನು ವಾಪಸು ಬಂದ. ಜಗಲಿ ಹತ್ತಿದವನನ್ನು ನಾನು ಯಾರೋ ವಯಸ್ಸಾದವರು ದಾರಿ ಕೇಳಲಿಕ್ಕೆ ಬಂದದ್ದು ಎಂದುಕೊಂಡೆ. ಮೂವತ್ತೂ ದಾಟಿರಲಿಲ್ಲ ಅವನಿಗೆ! ಬಲಸೊಂಟ ಒಂದು ಕಡೆಗೆ ಇಳಿದು ಹೋಗಿತ್ತು. ಎಡಗೈಯ ಕಿರುಬೆರಳು ಇರಲಿಲ್ಲ. ಅಮ್ಮ ಅವನ ಹೆಗಲು ಸವರಿದಳು. ಮೂಳೆ ಮುರಿದು ಕೂಡಿದ ಜಾಗಗಳು ಕೈಗೆ ಗಂಟುಗಂಟಾಗಿ ಸಿಕ್ಕಿದವು. "ಅಯ್ಯೋ ದೇವರೇ, ಇದೆಂತ ಮಗಾ, ನಿನ್ನನ್ನು ಯಾರು ಹೀಗೆ ಒಡೆದು ಜೋಡಿಸಿದ್ದು?" ಎಂದು ಅತ್ತಳು. ಅವನ ಬಟ್ಟೆಯಿಂದ ಹರಳೆಣ್ಣೆಯ ವಾಸನೆ ಬರುತ್ತಿತ್ತು. ಓಟದ ಗಾಡಿಯ ಎಂಜಿನ್ನಿಗೆ ಹರಳೆಣ್ಣೆಯನ್ನೇ ಹೊಯ್ಯುತ್ತಾರಂತೆ. ನಮ್ಮಲ್ಲಿ ಹೊಟ್ಟೆ ತೊಳೆಯಲು ಕುಡಿಸುವ ಎಣ್ಣೆ ಅದು. "ಎಂಟು ವರ್ಷ ದಿನಾ ಕುಡಿದ್ಯಾ ಹೇಗೆ?" ಎಂದು ನಾನು ಕೇಳಿದಾಗ ಅವನು ನಕ್ಕ. ಬಂದ ಮೇಲೆ ನಕ್ಕದ್ದು ಅದೊಂದು ಸಲ.

ಅಂಗಳದಲ್ಲಿ ಕೋಲಿನಿಂದ ಮೊಟ್ಟೆಯಾಕಾರ ಬರೆದು ನಮಗೆ ಓಟ ತೋರಿಸಿದ್ದ. ಬಗ್ಗಿ, ಎಡಗಾಲು ಚಾಚಿ, ಎರಡು ಕೈ ಮುಂದಕ್ಕೆ ಮಾಡಿ ಗೆರೆಯ ಮೇಲೆ ಜಾರುತ್ತಾ ಸುತ್ತಿದ. ಕುಂಟುತ್ತಿದ್ದ ಮನುಷ್ಯ, ಆ ಸುತ್ತಿನಲ್ಲಿ ಕುಂಟಲಿಲ್ಲ. "ಹ್ಯಾಂಡಲ್ ಬಲಕ್ಕೆ, ಗಾಡಿ ಎಡಕ್ಕೆ. ಗೊತ್ತಾಯ್ತಾ?" ಎಂದ. ನಮಗೆಂತ ಗೊತ್ತಾಗುವುದು, ಮಣ್ಣು! ಅಮ್ಮ ಮಾತ್ರ, "ಭೂತದ ಕೋಲ ಕಟ್ಟಿದವರ ಹಾಗೆ ಕಾಣ್ತಾನೆ" ಎಂದು ಕೈ ಮುಗಿದೇ ಬಿಟ್ಟಳು.

ಹಂಪನಕಟ್ಟೆಯ ಹಿಂದಿನ ಓಣಿಯಲ್ಲಿ ಬ್ಯಾರಿ ಮುಸಲ್ಮಾನರೊಬ್ಬರ ಮೋಟಾರ್ ಶೆಡ್ಡು ಇತ್ತು. ಅಣ್ಣ ಅಲ್ಲಿ ಮೇಸ್ತ್ರಿಯಾಗಿ ಸೇರಿ, ಶೆಡ್ಡಿನ ಹಿಂದಿನ ಕೋಣೆಯಲ್ಲೇ ಉಳಿದುಕೊಂಡ. ಶೆಡ್ಡಿನ ಯಜಮಾನರು ಅರವತ್ತರ ಹತ್ತಿರದವರು, ಗಡ್ಡಕ್ಕೆ ಗೋರಂಟಿ ಹಚ್ಚುತ್ತಿದ್ದರು, ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದರು. ಅಣ್ಣನ ಕೈಗುಣವನ್ನು ಅವರು ಹೊಗಳುವುದೆಂದರೆ ಹೊಗಳುವುದೇ. ಒಂದು ವಿಷಯಕ್ಕೆ ಮಾತ್ರ ತಮಾಷೆ ಮಾಡುತ್ತಿದ್ದರು. "ನಿಮ್ಮ ಅಣ್ಣ ಸತ್ತ ಎಂಜಿನ್ನಿಗೂ ಜೀವ ಕೊಡ್ತಾನೆ ತಂಗಿ. ಆದ್ರೆ ಟ್ರಯಲ್ ನೋಡ್ಲಿಕ್ಕೆ ಈ ಮುದುಕನೇ ಹೋಗ್ಬೇಕು. ಅವನು ಹತ್ತುವುದೇ ಇಲ್ಲ." ಅದು ನಿಜ. ರಿಪೇರಿಯಾದ ಮೋಟಾರ್ ಸೈಕಲನ್ನು ಗಿರಾಕಿಯ ಮನೆಗೆ ಮುಟ್ಟಿಸುವಾಗಲೂ ಅಣ್ಣ ಅದನ್ನು ತಳ್ಳಿಕೊಂಡೇ ಹೋಗುತ್ತಿದ್ದ. ಸೊಂಟದ ನೋವು ಎನ್ನುತ್ತಿದ್ದ. ಅಷ್ಟು ದೊಡ್ಡ ಓಟಗಾರನಿಗೆ ನಮ್ಮ ಕೆಮ್ಮಣ್ಣಿನ ರಸ್ತೆ ಯಾವ ಲೆಕ್ಕ, ಮರ್ಯಾದೆಗೆ ಕಡಿಮೆ ಎಂದು ಹತ್ತುವುದಿಲ್ಲ ಎಂದು ನಾನು ಊಹಿಸಿದ್ದೆ. ಹತ್ತು ಜನರ ಎದುರು ಹಾಗೆಯೇ ಜಂಬ ಕೊಚ್ಚಿಯೂ ಇದ್ದೆ.

ಇನ್ನು ನನ್ನ ಗಂಡನ ಮಾತು. ಅವರು ಮೃದು ಮನುಷ್ಯ. ಬಸ್ಸಿನ ಧಣಿಯೊಬ್ಬರ ಬುಕಿಂಗ್ ಆಫೀಸಿನಲ್ಲಿ ಟಿಕೇಟು ಬರೆಯುವ ಕೆಲಸ. ಅಕ್ಷರ ಮುತ್ತಿನ ಹಾಗೆ. ಸೈಕಲ್ ಹೊಡೆಯುವಾಗಲೂ ಎದುರಿನಿಂದ ಎತ್ತು ಬಂದರೆ ಇಳಿದು ನಿಲ್ಲುತ್ತಿದ್ದರು. ನಾನೋ, ಬಾಯಿ ಬಡಕಿ. ಮದುವೆಯಾಗಿ ನಾಲ್ಕು ವರ್ಷ ಆಗಿತ್ತು, ಉರ್ವದ ಮನೆಯಲ್ಲೇ ಅಮ್ಮನ ಜೊತೆ ಇದ್ದೆವು. ಮಕ್ಕಳಿರಲಿಲ್ಲ. ನಮ್ಮಿಬ್ಬರಿಗೂ ಹೊಂದಿಕೆ ಇರಲಿಲ್ಲ ಎಂದಲ್ಲ, ಚೆನ್ನಾಗಿಯೇ ಇತ್ತು. ಆದರೆ ಅವರು ಇನ್ನೂ ಸ್ವಲ್ಪ ಗಂಡಸಿನ ಹಾಗೆ ಇದ್ದರೆ ಎಂದು ನನಗೆ ಒಳಗೊಳಗೇ ಆಸೆ. ಈಗ ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಆಗುತ್ತಿರಲಿಲ್ಲ.

ಒಂದು ದಿನ ಅವರು ಮನೆಗೆ ಬಂದು ಹೇಳಿದ ಸುದ್ದಿ ಇದು: ಧಣಿಗಳು ಹಳೆಯ ಮೋಟಾರ್ ಸೈಕಲೊಂದನ್ನು ತಂದಿದ್ದಾರೆ. ಬಜಪೆ ಕಡೆಗೆ ಹೋಗುವ ಬಸ್ಸುಗಳನ್ನು ದಾರಿಯಲ್ಲಿ ಅಡ್ಡ ಹಾಕಿ ಟಿಕೇಟು ನೋಡಲು ಚೆಕಿಂಗಿನವನೊಬ್ಬ ಬೇಕು. ಆಫೀಸಿನಲ್ಲಿ ಯಾರಿಗೆ ಗಾಡಿ ಹೊಡೆಯಲು ಬರುತ್ತದೋ ಅವರಿಗೆ ಆ ಕೆಲಸ. ಖಾಕಿ ಕೋಟು, ತಲೆಗೆ ಟೊಪ್ಪಿ, ಕಂಡಕ್ಟರುಗಳು ಎದ್ದು ನಿಲ್ಲಬೇಕು. ಹೇಳಿ ಮುಗಿಸಿ ಅವರು, "ನಮಗೆ ಎಂತಕ್ಕೆ ಅದೆಲ್ಲ" ಎಂದರು. "ಎಂತಕ್ಕೆ ಅಂದ್ರೆ? ಮನೆಯಲ್ಲೇ ಗುರು ಉಂಟು, ನೀವು ಟಿಕೇಟು ಬರೀತಾ ಮುದುಕರಾಗುವುದಾ?" ಎಂದು ನಾನು ಹಾರಿಬಿದ್ದೆ. ಅವರ ಒಪ್ಪಿಗೆಯನ್ನೂ ಕೇಳದೆ, ಮರುದಿನ ಶೆಡ್ಡಿಗೆ ಹೋಗಿ ಅಣ್ಣನಿಗೆ ಹೇಳಿದ್ದು ನಾನೇ.

ಅಣ್ಣ ಕೈಯ ಗ್ರೀಸು ಒರೆಸಿಕೊಂಡ. "ನಾನು ಕಲಿಸ್ಲಿಕ್ಕಾ?" ಎಂದ. "ಮತ್ತೆ ಯಾರು, ನಾನಾ?" ಎಂದೆ. "ನೋಡುವ" ಎಂದ. ಅವನ ಮುಖದಲ್ಲಿ ಏನೋ ಅರಳಿದ್ದು ನನಗೆ ಕಂಡಿತು. ಊರಿಗೆ ಬಂದ ಮೇಲೆ ಅವನನ್ನು ಯಾರೂ ಏನನ್ನೂ ಕಲಿಸಲು ಕೇಳಿರಲಿಲ್ಲ. ನೋಡಿದವರೆಲ್ಲ ಕುಂಟ ಮೇಸ್ತ್ರಿ ಎಂದೇ ಮಾತಾಡಿಸುತ್ತಿದ್ದರು.

ಹದಿನೈದು ದಿನ ಸಂಜೆ ಮೈದಾನದಲ್ಲಿ ಪಾಠ ನಡೆಯಿತು. ಅಣ್ಣ ನಡುವಿನಲ್ಲಿ ನಿಲ್ಲುವುದು, ನನ್ನ ಗಂಡ ಗಾಡಿಯ ಮೇಲೆ ಅವನ ಸುತ್ತ ಸುತ್ತುವುದು. ಕಬ್ಬಿಣದ ಅಟ್ಟೆಯನ್ನು ಅಣ್ಣನೇ ಅವರ ಎಡಗಾಲಿಗೆ ಕಟ್ಟಿದ್ದ. ಒಂದು ದಿನ ಅಮ್ಮ, ನಾನು ದೇವಸ್ಥಾನಕ್ಕೆ ಹೋಗಿ ಬರುವ ದಾರಿಯಲ್ಲಿ ಮೈದಾನದ ಅಂಚಿನಲ್ಲಿ ಕೂತು ನೋಡಿದೆವು. ಗಾಡಿ ಎಡಕ್ಕೆ ವಾಲುತ್ತದೆ, ಅಟ್ಟೆ ನೆಲಕ್ಕೆ ಉಜ್ಜಿ ಕಿರ್ರೆನ್ನುತ್ತದೆ, ಧೂಳೇಳುತ್ತದೆ. "ಬ್ರೇಕಿಗೆ ಕೈ ಹಾಕ್ಬೇಡಿ ಭಾವ! ಮುರಕಲ್ಲಿನ ಕೆಂಪು ಹುಡಿಯಲ್ಲಿ ಬ್ರೇಕ್ ಹಿಡಿದ್ರೆ ಗಾಡಿ ನಿಮ್ಮನ್ನು ಎಸೀತದೆ. ಕಾಲು ಚಾಚಿ, ಕಾಲು! ವೇಗ ಕೊಡಿ!" ಎಂದು ಅಣ್ಣ ಕೂಗುತ್ತಿದ್ದ. ನನ್ನ ಗಂಡ, ಎತ್ತು ಬಂದರೆ ಇಳಿಯುವ ಮನುಷ್ಯ, ಧೂಳಿನ ನಡುವಿನಿಂದ ಜಾರುತ್ತಾ ಹೊರಗೆ ಬಂದರು. ಅಬ್ಬಾ, ನನಗಾದ ಖುಷಿ! ಕೈ ತಟ್ಟಿದೆ. ಮೈದಾನದಲ್ಲಿ ನಿಂತವರೆಲ್ಲ ನನ್ನನ್ನೇ ನೋಡಿದರು.

ಅಮ್ಮನಿಗೆ ಖುಷಿ ಇರಲಿಲ್ಲ. ಸ್ವಲ್ಪ ಹೊತ್ತು ನೋಡಿ, "ಇದೆಂತ, ಅಪ್ರದಕ್ಷಿಣೆ ಬರುವುದು?" ಎಂದಳು. ದೇವರಿಗೆ ಸುತ್ತು ಬರುವಾಗ ದೇವರು ನಮ್ಮ ಬಲಕ್ಕಿರಬೇಕು. ಎಡಕ್ಕೆ ಇಟ್ಟು ಸುತ್ತುವುದು ಚಿತೆಗೆ ಮಾತ್ರ. "ಒಮ್ಮೆಯಾದ್ರೂ ಆಚೆ ಕಡೆಯಿಂದ ಸುತ್ತಲಿಕ್ಕೆ ಹೇಳು ಅವನಿಗೆ" ಎಂದಳು. "ನಿನ್ನದೊಂದು! ಎಲ್ಲದಕ್ಕೂ ಶಾಸ್ತ್ರ" ಎಂದು ಅವಳ ಬಾಯಿ ಮುಚ್ಚಿಸಿದೆ. ಆದರೆ ಅವಳು ಹೇಳಿದ ಮೇಲೆ ನನಗೂ ಅದು ಕಣ್ಣಿಗೆ ಬಿತ್ತು. ನಾವು ಕೂತಿದ್ದಷ್ಟು ಹೊತ್ತು ಗಾಡಿ ಒಮ್ಮೆಯೂ ಬಲಕ್ಕೆ ತಿರುಗಲಿಲ್ಲ.

ಪಾಠ ಮುಗಿಯಲು ಎರಡು ದಿನ ಇತ್ತು. ಮಧ್ಯಾಹ್ನದ ಊಟ. ಬೂತಾಯಿ ಮೀನಿನ ಸಾರು ಮಾಡಿದ್ದೆ. ಅವರು ಅನ್ನ ಕಲಸುತ್ತಾ ಕೂತವರು ತುತ್ತು ಎತ್ತಲಿಲ್ಲ. "ನಿನ್ನ ಹತ್ರ ಒಂದು ಹೇಳ್ಬೇಕು" ಎಂದರು. "ಎಡಕ್ಕೆ ಸಲೀಸಾಗ್ತದೆ ನನಗೆ. ಬಲಕ್ಕೆ ತಿರುಗ್ಬೇಕಾದ್ರೆ ಕೈ ಕೇಳುವುದಿಲ್ಲ. ಕಾಲು ತನ್ನಿಂದ ತಾನೇ ಎಡಕ್ಕೆ ಹೋಗ್ತದೆ. ನಿನ್ನ ಅಣ್ಣ ಬಲಕ್ಕೆ ತಿರುಗ್ಸಲೇ ಇಲ್ಲ ಇಷ್ಟು ದಿನ. ನೀನೊಮ್ಮೆ ಹೇಳ್ತೀಯಾ? ನಾನು ಹೇಳಿದ್ರೆ ಅವರ ವಿದ್ಯೆಗೆ ಹೆಸರಿಟ್ಟ ಹಾಗೆ ಆಗ್ತದೆ."

ನಾನು ಏನು ಹೇಳಿದೆ ಎಂಬುದು ಅಕ್ಷರ ಅಕ್ಷರ ನೆನಪಿದೆ. "ಸಾಕು ಮಾಡಿ ಮಾರಾಯ್ರೆ ನಿಮ್ಮದು! ಹೆಂಗಸರಿಗಿಂತ ಕಡೆ. ದೊರೆಗಳ ಜೊತೆ ಓಡಿಸಿ ಬಂದವನಿಗೆ ಗೊತ್ತಿಲ್ಲದ್ದು ಟಿಕೇಟು ಬರೆಯುವವರಿಗೆ ಗೊತ್ತುಂಟಾ? ಎಡಕ್ಕೆ ತಿರುಗುವವನಿಗೆ ಬಲಕ್ಕೆ ತಿರುಗ್ಲಿಕ್ಕೆ ಎಂತ ಕಷ್ಟ?" ಅವರು ಅನ್ನ ಕಲಸಿದ್ದನ್ನು ಪೂರ್ತಿ ಉಂಡರು. ಬೂತಾಯಿ ಚೆನ್ನಾಗುಂಟು ಎಂದರು.

ಮರುದಿನ ಬೆಳಿಗ್ಗೆ ಅಣ್ಣ ಮನೆಗೆ ಬಂದಿದ್ದ. ಹೇಳಬಹುದಿತ್ತು. ಹೇಳಬೇಕೆಂದು ಬಾಯಿಗೆ ಬಂದದ್ದೂ ಹೌದು. ಆದರೆ ಅವನು ಜಗಲಿಯಲ್ಲಿ ಕೂತು, "ಭಾವನಿಗೆ ಒಳ್ಳೆ ಕೈ ಉಂಟು ತಂಗಿ. ಅಲ್ಲಿ ಇದ್ದಿದ್ರೆ ಅವರನ್ನು ಓಟಕ್ಕೆ ಇಳಿಸ್ತಿದ್ದೆ" ಎನ್ನುತ್ತಿದ್ದ. ಮುಖ ಬೆಳಗುತ್ತಿತ್ತು. ಇವನ ಎದುರು, ನನ್ನ ಗಂಡನಿಗೆ ಹೆದರಿಕೆ ಆಗ್ತದಂತೆ ಎಂದು ನಾನು ಹೇಗೆ ಹೇಳಲಿ? ನಮ್ಮವರ ಮರ್ಯಾದೆ ಎಲ್ಲಿ ಉಳಿಯುತ್ತದೆ? ಚಾ ಕೊಟ್ಟೆ. ನೀರುದೋಸೆ ಕೊಟ್ಟೆ. ಆ ಮಾತನ್ನು ನುಂಗಿದೆ.

ಕೆಲಸ ಸಿಕ್ಕಿತು. ಖಾಕಿ ಕೋಟು ಬಂತು. ಮೂರು ವಾರ ಅವರು ಎಡಗಾಲಿಗೆ ಅಟ್ಟೆ ಕಟ್ಟಿಕೊಂಡೇ ಹೋಗಿ ಬಂದರು. ಬಲ ತಿರುವುಗಳಲ್ಲಿ ಎರಡು ಕಾಲೂ ನೆಲಕ್ಕಿಟ್ಟು ಗಾಡಿಯನ್ನು ನೂಕಿಕೊಂಡು ಹೋಗುತ್ತಿದ್ದರಂತೆ, ಇದನ್ನು ಕಂಡಕ್ಟರುಗಳು ಆ ಮೇಲೆ ಹೇಳಿದರು. ಇವರ ಎದುರೇ ಅವರೆಲ್ಲ ನಗುತ್ತಿದ್ದರಂತೆ. ಇವರು ಮನೆಯಲ್ಲಿ ನನಗೆ ಒಂದು ಮಾತೂ ಹೇಳಲಿಲ್ಲ. ಹೇಳಿ ಪ್ರಯೋಜನ ಇಲ್ಲ ಎಂದು ಅವರಿಗೆ ಗೊತ್ತಾಗಿತ್ತಲ್ಲ.

ಆ ದಿನ ಬೆಳಿಗ್ಗೆ ಬಸ್ಸು ಮುಂದೆ ಹೋಗಿತ್ತು, ಇವರು ಅದನ್ನು ಹಿಡಿಯಲು ಹಿಂದಿನಿಂದ ಹೋದರು. ದೇರೆಬೈಲ್ ದಾಟಿದ ಮೇಲೆ ಇಳಿಜಾರು, ಇಳಿಜಾರಿನ ಕೊನೆಯಲ್ಲಿ ಬಲಕ್ಕೆ ತಿರುವು. ತಿರುವಿನ ಎಡಕ್ಕೆ ಮುರಕಲ್ಲು ಕಡಿದ ದರೆಯ ಗೋಡೆ, ಆಳೆತ್ತರದ್ದು. ಎದುರಿನಿಂದ ಬೈಹುಲ್ಲು ಹೇರಿದ ಎತ್ತಿನ ಗಾಡಿ ಬರುತ್ತಿತ್ತು. ದಾರಿ ಇತ್ತು, ಗಾಡಿಯವನು ತನ್ನ ಬದಿಯಲ್ಲೇ ಇದ್ದ. ಅವನು ಆ ಮೇಲೆ ಎಲ್ಲರ ಎದುರು ಹೇಳಿದ ಮಾತು ಇಷ್ಟು: "ರಸ್ತೆ ಬಲಕ್ಕೆ ಹೋಗ್ತದೆ. ಇವರು ಎಡಗಾಲು ಹೊರಗೆ ಹಾಕಿದ್ರು. ಮತ್ತೆ ಶಬ್ದ ಜೋರಾಯ್ತು." ನಿಲ್ಲಿಸಲಿಲ್ಲ, ನಿಧಾನ ಮಾಡಲಿಲ್ಲ. ಕಲಿಸಿದ ಹಾಗೆಯೇ ವೇಗ ಕೊಟ್ಟು ನೇರ ದರೆಗೆ ಹೋಗಿ ಬಡಿದಿದ್ದರು.

ಸುದ್ದಿ ತಂದದ್ದು ಶೆಡ್ಡಿನ ಯಜಮಾನರು. ಅಂಗಳದಲ್ಲಿ ನಿಂತು, ಟೊಪ್ಪಿ ತೆಗೆದು, "ತಂಗಿ" ಎಂದರು. ನಾನು ಒಲೆಯ ಮೇಲಿದ್ದ ಗಂಜಿಯನ್ನು ಕೆಳಗಿಳಿಸಿ ಹೊರಗೆ ಬಂದೆ. ಗಂಜಿ ತಳ ಹಿಡಿಯಬಾರದು ಎಂಬ ಬುದ್ಧಿ ಆಗಲೂ ಇತ್ತು, ನೋಡಿ.

ಮಧ್ಯಾಹ್ನದ ಹೊತ್ತಿಗೆ ಅವರನ್ನು ತಂದು ಜಗಲಿಯಲ್ಲಿ ಮಲಗಿಸಿದರು. ಮುಖಕ್ಕೆ ಏನೂ ಆಗಿರಲಿಲ್ಲ. ಎಡಗಾಲಿನಲ್ಲಿ ಅಟ್ಟೆ ಇತ್ತು. ಯಾರಿಗೂ ಅದರ ಪಟ್ಟಿ ಬಿಚ್ಚಲು ಗೊತ್ತಾಗಲಿಲ್ಲ. ಕೊನೆಗೆ ಅಣ್ಣನೇ ಮೊಣಕಾಲೂರಿ ಕೂತು ಬಿಚ್ಚಿದ. ಗಂಡಸರು ಶ್ಮಶಾನಕ್ಕೆ ಹೋದರು, ನಾವು ಹೆಂಗಸರು ಮನೆಯಲ್ಲಿ. ಕಿಚ್ಚಿಟ್ಟದ್ದು ಗಂಡನ ತಮ್ಮ. ಅವನು ಮಡಕೆ ಹೊತ್ತು ಚಿತೆಗೆ ಸುತ್ತು ಬರುವಾಗ ಅಣ್ಣ ಮುಖ ತಿರುಗಿಸಿ ನಿಂತಿದ್ದನಂತೆ.

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಊಟಕ್ಕೆ ಕೂತ ದಿನ, ನಾನು ಆ ಅಟ್ಟೆಯನ್ನು ತಂದು ಅಣ್ಣನ ಎಲೆಯ ಮುಂದೆ ಎಸೆದೆ. "ನೀನು ಕೊಂದದ್ದು" ಎಂದೆ. "ಬಲಕ್ಕೆ ತಿರುಗ್ಲಿಕ್ಕೆ ಕಲಿಸದೆ ರಸ್ತೆಗೆ ಬಿಟ್ಟೆ. ನಿನ್ನ ಸರ್ಕಸ್ಸಿಗೆ ನನ್ನ ಗಂಡನೇ ಬೇಕಾಗಿತ್ತಾ?" ನೂರು ಜನ ಇದ್ದರು. ಎಲ್ಲರ ಕೈ ಎಲೆಯ ಮೇಲೆ ನಿಂತಿತು. ಅಮ್ಮ ಬಾಗಿಲ ಹತ್ತಿರ ಕೂತಿದ್ದಳು, ನನ್ನ ಮುಖವನ್ನೇ ನೋಡಿದಳು. ಅವಳಿಗೆ ಮೈದಾನದ ಮಾತು ನೆನಪಿತ್ತು. ಆದರೆ ಮಗಳ ಮರ್ಯಾದೆ ತೆಗೆಯಲಿಲ್ಲ. ಅಣ್ಣ ಎಲೆಯನ್ನು ಮಡಚಿ, ಅಟ್ಟೆಯನ್ನು ಎತ್ತಿಕೊಂಡು ಹೊರಟುಹೋದ. ಒಂದು ಮಾತು ತಿರುಗಿ ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಆ ಮೇಲೆ ಐದು ವರ್ಷ ನಾನು ಅವನೊಡನೆ ಮಾತಾಡಲಿಲ್ಲ. ಟೀಚರ್ ಟ್ರೈನಿಂಗ್ ಮಾಡಿ ಹೆಣ್ಣುಮಕ್ಕಳ ಶಾಲೆಯಲ್ಲಿ ಸೇರಿದೆ. ಯುದ್ಧ ಜೋರಾಯಿತು, ಪೆಟ್ರೋಲ್ ಸಿಗದಾಯಿತು, ಬಸ್ಸುಗಳ ಹಿಂದೆ ಇದ್ದಿಲಿನ ಒಲೆ ಕಟ್ಟಿ ಅದರ ಗ್ಯಾಸಿನಿಂದ ಓಡಿಸಲು ಶುರು ಮಾಡಿದರು. ಶೆಡ್ಡಿನಲ್ಲಿ ಆ ಒಲೆಗಳನ್ನು ತೊಳೆದು ಸರಿಮಾಡುವ ಕೆಲಸ ಅಣ್ಣನದ್ದು. ದಿನವಿಡೀ ಹೊಗೆ, ಮಸಿ. ಪ್ರತಿ ಭಾನುವಾರ ಉರ್ವಕ್ಕೆ ನಡೆದು ಬಂದು ಜಗಲಿಯಲ್ಲಿ ಅಮ್ಮನ ಹತ್ತಿರ ಕೂರುತ್ತಿದ್ದ. ನಾನು ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಚಾ ಮಾಡಿ ಅಮ್ಮನ ಕೈಗೆ ಕೊಡುವುದು, ಅವಳು ಅವನಿಗೆ ಕೊಡುವುದು. ಅವನು ಕೆಮ್ಮುವುದು ಒಳಗೆ ಕೇಳುತ್ತಿತ್ತು. ಮೊದಮೊದಲು ಆ ಕೆಮ್ಮಿಗೂ ನನಗೆ ಕೋಪವೇ ಬರುತ್ತಿತ್ತು, ಕರುಣೆ ಗಿಟ್ಟಿಸಲು ಕೆಮ್ಮುತ್ತಾನೆ ಎಂದು.

ಅಮ್ಮ ತೀರಿಕೊಂಡ ಮೇಲೆ ಅವನು ಬರುವುದು ನಿಲ್ಲಿಸಬಹುದೆಂದುಕೊಂಡೆ. ನಿಲ್ಲಿಸಲಿಲ್ಲ. ಭಾನುವಾರ ಬಂದು ಒಬ್ಬನೇ ಜಗಲಿಯಲ್ಲಿ ಕೂರುತ್ತಿದ್ದ. ಚಾ ಕೊಡಲು ನಡುವೆ ಯಾರೂ ಇರಲಿಲ್ಲ. ಲೋಟವನ್ನು ಹೊಸ್ತಿಲ ಹೊರಗೆ ಇಟ್ಟು ನಾನು ಒಳಗೆ ಹೋಗುತ್ತಿದ್ದೆ. ಅವನು ಕುಡಿದು, ಲೋಟ ತೊಳೆದು, ಅದೇ ಜಾಗದಲ್ಲಿ ಮಗುಚಿ ಇಟ್ಟು ಹೋಗುತ್ತಿದ್ದ. ಎಷ್ಟೋ ಸಲ ಬಾಗಿಲ ಹಿಂದೆ ನಿಂತು ಹೇಳಿಬಿಡೋಣ ಎಂದುಕೊಂಡೆ. ಅವರು ನನಗೆ ಹೇಳಿದ್ದರು ಅಣ್ಣ, ನಾನೇ ನಿನಗೆ ಮುಟ್ಟಿಸಲಿಲ್ಲ. ಮುಟ್ಟಿಸಿದ್ದರೆ ನೀನು ಕಲಿಸುತ್ತಿದ್ದೆ, ಅವರು ಬದುಕುತ್ತಿದ್ದರು. ಇಷ್ಟೇ ಮಾತು. ಹೇಳಿದರೆ ಬೊಜ್ಜದ ದಿನ ನೂರು ಜನರ ಎದುರು ಎಸೆದದ್ದನ್ನು ನಾನೇ ಎತ್ತಿಕೊಳ್ಳಬೇಕಾಗುತ್ತಿತ್ತು. ನನ್ನಿಂದ ಆಗಲಿಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ಎರಡು ಭಾನುವಾರ ಅವನು ಬರಲಿಲ್ಲ. ಎರಡನೆಯ ಭಾನುವಾರ ಕಳೆದ ಮೂರನೆಯ ದಿನ ಶೆಡ್ಡಿನ ಯಜಮಾನರು ಶಾಲೆಗೇ ಬಂದರು. "ತಂಗಿ, ನಿಮ್ಮ ಸಿಟ್ಟು ನಿಮಗೆ ಇರ್ಲಿ. ಆದ್ರೆ ಒಮ್ಮೆ ಬಂದು ಹೋಗಿ. ಹೊಗೆ ಅವನ ಎದೆಯನ್ನು ತಿಂದುಬಿಟ್ಟಿದೆ. ಡಾಕ್ಟ್ರು ಕೈ ಬಿಟ್ರು" ಎಂದರು. ನಾನು ಅವತ್ತು ಮಧ್ಯಾಹ್ನವೇ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಳ್ಳುತ್ತಾ ಹೋದೆ. ಈ ಸಲ ನುಂಗುವುದಿಲ್ಲ ಎಂದು ದೇವರ ಮೇಲೆ ಆಣೆ ಇಟ್ಟುಕೊಂಡಿದ್ದೆ.

ಶೆಡ್ಡಿನ ಹಿಂದಿನ ಕೋಣೆಯಲ್ಲಿ ಹಗ್ಗದ ಮಂಚ. ಮಂಚದ ಕೆಳಗೆ ಆ ಅಟ್ಟೆ, ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿ ಇಟ್ಟದ್ದು. ಅವನು ಒಂದು ಹಿಡಿಯಾಗಿದ್ದ. ನನ್ನನ್ನು ನೋಡಿ ಏಳಲು ಹೋದ, ಆಗಲಿಲ್ಲ. ಯಜಮಾನರು ಗಂಜಿಯ ತಿಳಿ ತಂದಿಟ್ಟು ಹೊರಗೆ ಹೋದರು. ನಾನು ಮಂಚದ ಹತ್ತಿರ ಕೂತೆ. ಐದು ವರ್ಷದ ಮೇಲೆ "ಅಣ್ಣ" ಎಂದೆ. ಮುಂದಿನ ಮಾತು ತೆಗೆಯುವ ಮೊದಲೇ ಅವನು ಕೈ ಎತ್ತಿದ.

"ನಾನೊಂದು ಹೇಳ್ಲಿಕ್ಕುಂಟು ತಂಗಿ. ಉಸಿರು ಇರುವಾಗ ಹೇಳ್ತೇನೆ" ಎಂದ. ಒಂದೊಂದು ಮಾತಿಗೂ ನಿಲ್ಲಬೇಕಾಗುತ್ತಿತ್ತು. "ಭಾವ ನನ್ನ ಹತ್ರ ಹೇಳಿದ್ರು. ಕೊನೆ ದಿನ, ಮೈದಾನದಲ್ಲಿ. ಬಲಕ್ಕೆ ನನಗೆ ಆಗುವುದಿಲ್ಲ, ಅದೊಂದು ತೋರಿಸಿ ಕೊಡಿ ಅಂದ್ರು. ಪಾಪ, ಎಷ್ಟು ಸಂಕೋಚದಲ್ಲಿ ಕೇಳಿದ್ರು ಗೊತ್ತುಂಟಾ? ನಾನು ನಾಳೆ ಅಂದೆ. ಅದು ತನ್ನಿಂದ ತಾನೇ ಬರ್ತದೆ ಅಂದೆ."

ಬೈದು ಬಾಯಿ ಮುಚ್ಚಿಸಿದ ಮೇಲೂ, ನನ್ನನ್ನು ನಂಬಿ ಕೂರದೆ, ಆ ಮೃದು ಮನುಷ್ಯ ತಾನೇ ಹೋಗಿ ಕೇಳಿದ್ದರು.

"ತೋರಿಸ್ಬಹುದಿತ್ತಲ್ಲ ಅಣ್ಣ?" ಎಂದೆ.

"ನನಗೇ ಬರುವುದಿಲ್ಲ" ಎಂದ. "ಕೊನೆ ಸಲ ಬಿದ್ದಾಗ ಗಾಡಿ ಬಲಸೊಂಟದ ಮೇಲೆ ಹೋಯ್ತು. ಮತ್ತೆ ಬಲಕ್ಕೆ ವಾಲಿದ್ರೆ ಮೈ ಒಪ್ಪುವುದಿಲ್ಲ. ಎಂಟು ವರ್ಷ ಓಡಿಸಿದವನಿಗೆ ಹಂಪನಕಟ್ಟೆಯಲ್ಲಿ ಒಂದು ತಿರುವು ತಿರುಗ್ಲಿಕ್ಕೆ ಆಗುವುದಿಲ್ಲ ಅಂತ ಯಾರ ಹತ್ರ ಹೇಳುವುದು? ಅದಕ್ಕೇ ತಳ್ಳಿಕೊಂಡು ಹೋಗುವುದು. ಮೈದಾನದಲ್ಲಿ ಗುಂಡಕ್ಕೆ ಸುತ್ತಿಸಿದ್ರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ನಾನು ಅಂದುಕೊಂಡದ್ದು. ಭಾವನಿಗೆ ತೋರಿಸ್ಲಿಕ್ಕೆ ಹೋಗಿ ಅವರ ಎದುರು ಬಿದ್ರೆ, ನೀನು ನನ್ನನ್ನು ಮತ್ತೆ ಹೇಗೆ ನೋಡ್ತಿ ಅಂತ ಹೆದರಿಕೆ."

ನಾನು ಹೇಗೆ ನೋಡುತ್ತೇನೆ ಎಂದು! ಒಬ್ಬರು ನಾನು ಬೈಯುತ್ತೇನೆಂದು ಮಾತು ಬಿಟ್ಟರು, ಇನ್ನೊಬ್ಬ ನನ್ನ ಕಣ್ಣಿನಲ್ಲಿ ಸಣ್ಣವನಾಗುತ್ತೇನೆಂದು ಸುಳ್ಳು ಹೇಳಿದ. ಹೇಳು, ಈಗ ಹೇಳು ಎಂದು ಒಳಗಿನಿಂದ ಯಾರೋ ತಿವಿಯುತ್ತಿದ್ದರು.

ಅವನು ನನ್ನ ಕೈ ಹಿಡಿದ. ಕಿರುಬೆರಳಿಲ್ಲದ ಆ ಕೈ ತಣ್ಣಗಿತ್ತು. "ಒಂದು ಕೇಳ್ತೇನೆ, ನಿಜ ಹೇಳು. ನಿನ್ನ ಹತ್ರ ಏನಾದ್ರೂ ಹೇಳಿದ್ರಾ ಭಾವ? ಬಲಕ್ಕೆ ಆಗುವುದಿಲ್ಲ ಅಂತ?"

"ಇಲ್ಲ ಅಣ್ಣ" ಎಂದೆ. "ನನ್ನ ಹತ್ರ ಏನೂ ಹೇಳ್ಲಿಲ್ಲ."

ಅವನು ಕಣ್ಣು ಮುಚ್ಚಿದ. ಮುಖ ಸಡಿಲವಾಯಿತು. "ಹಾಗಾದ್ರೆ ಒಳ್ಳೆದಾಯ್ತು" ಎಂದ. "ಐದು ವರ್ಷ ನನಗೆ ಅದೇ ಯೋಚನೆ. ನಿನ್ನ ಹತ್ರವೂ ಹೇಳಿದ್ದಾರೋ ಏನೋ, ನೀನೂ ಕಿವಿಗೆ ಹಾಕದೆ ಬಿಟ್ಟಿದ್ದಿಯೋ ಏನೋ, ಹಾಗೇನಾದ್ರೂ ಆಗಿದ್ರೆ ಈ ಹುಡುಗಿ ಹೇಗೆ ಬದುಕ್ತದೆ ದೇವರೇ ಅಂತ. ನೀನು ಹೇಗಿದ್ದಿ ನೋಡ್ಲಿಕ್ಕೆ ಅಂತಲೇ ಪ್ರತಿ ಭಾನುವಾರ ಬರ್ತಿದ್ದದ್ದು."

ಗಂಜಿಯ ತಿಳಿಯನ್ನು ಚಮಚದಲ್ಲಿ ಕುಡಿಸಿದೆ. ನಾಲ್ಕು ಚಮಚ ಇಳಿಯಿತು, ಐದನೆಯದು ಹೊರಗೆ ಬಂತು. ಸೆರಗಿನಿಂದ ಅವನ ಬಾಯಿ ಒರೆಸಿದೆ. ಮತ್ತೆ ಎರಡು ದಿನ ಅವನು ಬದುಕಿದ್ದ, ಎರಡು ದಿನವೂ ನಾನು ಅಲ್ಲೇ ಇದ್ದೆ, ಅವನಿಗೆ ಪ್ರಜ್ಞೆಯೂ ಇತ್ತು. ನಾನು ಹೇಳಲಿಲ್ಲ.